ಇನಾಯತ್ ಖಾನನ ಕೊನೆಯ ಭಂಗಿ

1618ರ ಒಂದು ದಿನ ಮೊಗಲ್ ಬಾದಶಹ ಜಹಾಂಗೀರನ ಎದುರು ಪಲ್ಲಕ್ಕಿಯೊಂದನ್ನು ತಂದಿಳಿಸಿದರು. ಒಳಗಿದ್ದವನು ಇನಾಯತ್ ಖಾನ್. ಬಾದಶಹನ ಆಪ್ತ ಪರಿವಾರದವನು, ನಿತ್ಯ ಅವನ ಸುತ್ತಮುತ್ತಲೇ ಓಡಾಡಿಕೊಂಡಿದ್ದವನು. ಕಾಯಿಲೆ ಬಿದ್ದು, ಆಗ್ರಾಕ್ಕೆ ಹೋಗಲು ಅಪ್ಪಣೆ ಬೇಕೆಂದು ಅರಿಕೆ ಮಾಡಿಕೊಂಡಿದ್ದ. ಎದುರಿಗೇ ಬಂದು ಅಪ್ಪಣೆ ಪಡೆದು ಹೊರಡಲಿ ಎಂದು ಬಾದಶಹ ಹೇಳಿಕಳಿಸಿದ. ಕಾಲಲ್ಲಿ ಕಸುವಿರಲಿಲ್ಲ, ಹೊತ್ತು ತಂದರು.

ಆ ದಿನ ಕಂಡದ್ದನ್ನು ಜಹಾಂಗೀರ ತನ್ನ ಆತ್ಮಕಥನ ‘ಜಹಾಂಗೀರ್‌ನಾಮಾ’ದಲ್ಲಿ ಬರೆದಿಟ್ಟಿದ್ದಾನೆ. ಇನಾಯತನಿಗೆ ಅಫೀಮಿನ ಚಟವಿತ್ತು, ಸಂದರ್ಭ ಸಿಕ್ಕಾಗ ಕುಡಿತವೂ ಇತ್ತು. ಮೊದಲೇ ಸಣಕಲು ಮೈ. ಅರಗಿಸಿಕೊಳ್ಳಲಾಗದಷ್ಟನ್ನು ಒಳಗೆ ಹಾಕಿಕೊಂಡ. ಅತಿಸಾರ ಹಿಡಿಯಿತು, ಎರಡು ಮೂರು ಸಲ ಮೂರ್ಛೆ ಹೋದ. ಬಾದಶಹ ಹಕೀಮ್ ರುಕ್ನಾನನ್ನು ಚಿಕಿತ್ಸೆಗೆ ನೇಮಿಸಿದ. ಮದ್ದು ನಾಟಲಿಲ್ಲ. ಅದರ ಮೇಲೆ ಎಂಥದೋ ಹಾಳು ಹಸಿವು ಬೇರೆ. ದಿನಕ್ಕೆ ಒಂದೇ ಹೊತ್ತು ಉಣ್ಣಬೇಕೆಂದು ಹಕೀಮ ಪಥ್ಯ ಕಟ್ಟಿದರೂ ರೋಗಿಗೆ ತಡೆಯಲಾಗುತ್ತಿರಲಿಲ್ಲ. ಕೊನೆಗೆ ಜಲೋದರವೂ ಸೇರಿಕೊಂಡಿತು. ಎದುರಿಗೆ ತಂದಾಗ ಎಲುಬಿನ ಮೇಲೆ ಎಳೆದು ಹೊದಿಸಿದ ಚರ್ಮದಂತಿದ್ದ. ಎಲುಬು ಕೂಡ ಕರಗಿಹೋದಂತಿತ್ತು. ಚಿತ್ರಕಾರರು ಬಡಕಲು ಮುಖಗಳನ್ನು ಬರೆಯಲು ಎಷ್ಟೋ ಹೆಣಗಿದ್ದಾರೆ, ಆದರೆ ಇದರ ಹತ್ತಿರ ಬರುವಂಥದ್ದನ್ನು ತಾನು ಕಂಡೇ ಇಲ್ಲ ಎಂಬುದು ಬಾದಶಹನ ಉದ್ಗಾರ.

ಗಮನಿಸಿ, ಸಾಯುತ್ತಿರುವ ಸೇವಕನನ್ನು ನೋಡಿದಾಗ ಅವನ ಮನಸ್ಸು ಮೊದಲು ಹೋದದ್ದು ಚಿತ್ರಗಳ ಕಡೆಗೆ. ಇದು ಅಪರೂಪದ ಸ್ಥಿತಿ, ಬರೆದಿಡಿ ಎಂದು ಚಿತ್ರಕಾರರಿಗೆ ಅಪ್ಪಣೆ ಮಾಡಿದ. ಆಮೇಲೆ ರೋಗಿಗೆ ನಾಲ್ಕು ಸಮಾಧಾನದ ಮಾತು ಹೇಳಿದ: ದೇವರನ್ನು ಮರೆಯಬೇಡ, ಬದುಕಿದರೆ ತಿದ್ದಿಕೊಳ್ಳಲು ಸಮಯ ಸಿಕ್ಕಿತೆಂದುಕೋ, ಹಿಂದೆ ಬಿಟ್ಟುಹೋಗುವವರ ಚಿಂತೆ ನಿನಗೆ ಬೇಡ. ಮನುಷ್ಯ ಬಡತನದಲ್ಲಿದ್ದಾನೆಂದು ಯಾರೋ ಕಿವಿಗೆ ಹಾಕಿದ್ದರಿಂದ ದಾರಿ ಖರ್ಚಿಗೆ 2,000 ರೂಪಾಯಿ ಕೊಡಿಸಿ ಕಳಿಸಿದ. ಮರುದಿನವೇ ಇನಾಯತ್ ಖಾನ್ ತೀರಿಕೊಂಡ.

ಆ ಅಪ್ಪಣೆಯ ಫಲವಾಗಿ ಉಳಿದವು ಎರಡು ಚಿತ್ರಗಳು. ಒಂದು ಅಮೆರಿಕದ ಬಾಸ್ಟನ್ ನಗರದ ಮ್ಯೂಸಿಯಂ ಆಫ್ ಫೈನ್ ಆರ್ಟ್ಸ್‌ನಲ್ಲಿದೆ: ಮಸಿಯ ರೇಖಾಚಿತ್ರ, ಅಲ್ಲಲ್ಲಿ ತೆಳು ಬಣ್ಣದ ಲೇಪ. ಇನ್ನೊಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ: ಪೂರ್ತಿ ಬಣ್ಣ ತುಂಬಿದ ಚಿತ್ರ. ಬಾಸ್ಟನ್ನಿನದು ಸುಮಾರು 9.5 ಸೆಂ.ಮೀ. ಎತ್ತರ, 13.3 ಸೆಂ.ಮೀ. ಅಗಲ; ನಮ್ಮ ಅಂಚೆ ಕಾರ್ಡಿನಷ್ಟು. ಆಕ್ಸ್‌ಫರ್ಡಿನದು ಅದಕ್ಕಿಂತ ಕೊಂಚ ದೊಡ್ಡದು. ಮೊಗಲರ ಭಾವಚಿತ್ರವೆಂದರೆ ಮುತ್ತಿನ ಹಾರ, ತಲೆಯ ಸುತ್ತ ಪ್ರಭೆ, ಕೈಯಲ್ಲೊಂದು ಹೂವು ಎಂದು ಎಣಿಸಿಕೊಂಡವರು ಇವೆರಡರ ಮುಂದೆ ತಬ್ಬಿಬ್ಬಾಗುತ್ತಾರೆ.

ರೇಖಾಚಿತ್ರದಲ್ಲಿ ಇರುವುದಿಷ್ಟೆ. ಹಾಸಿಗೆಯ ಮೇಲೆ ಒಬ್ಬ ಮನುಷ್ಯ, ಪೂರಾ ಮಲಗಿಲ್ಲ, ಪೂರಾ ಕೂತಿಲ್ಲ. ಬೆನ್ನ ಹಿಂದೆ ದೊಡ್ಡ ಲೋಡು ದಿಂಬು, ಆಸರೆಗೆ ಇನ್ನೂ ಒಂದೆರಡು. ತಲೆಗೆ ಟೊಪ್ಪಿಗೆ. ಅಂಗಿ ಎದೆಯ ಮೇಲೆ ತೆರೆದುಕೊಂಡಿದೆ, ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು. ಮುಖ ಒಂದು ಪಕ್ಕಕ್ಕೆ. ದೃಷ್ಟಿ ಎದುರಿಗಿದೆ, ಆದರೆ ಏನನ್ನೂ ನೋಡುತ್ತಿಲ್ಲ. ಕೈಗಳಲ್ಲಿ ಏನನ್ನೂ ಹಿಡಿಯುವ ಶಕ್ತಿ ಉಳಿದಿಲ್ಲ.

ಇಲ್ಲಿ ಮೊದಲು ನೋಡಬೇಕಾದದ್ದು ದಿಂಬುಗಳನ್ನು. ಚಿತ್ರಕಾರ ಅವನ್ನು ಬರೆದಿರುವುದು ಉದ್ದನೆಯ, ನಡುವೆ ಎಲ್ಲೂ ಕಡಿಯದ ಗೆರೆಗಳಲ್ಲಿ. ತುಂಬಿಕೊಂಡ, ಬಿಗಿದ, ದುಂಡಗಿನ ಆಕಾರಗಳು. ಅವುಗಳ ನಡುವೆ ಸಿಕ್ಕಿಕೊಂಡ ಮೈಗೆ ಮಾತ್ರ ಬೇರೆ ಗೆರೆ: ಸಣ್ಣ, ತುಂಡು ತುಂಡಾದ, ಕೋನ ಕೋನವಾದ ಗೆರೆ. ಕೊರಳಿನ ನರ, ಕತ್ತಿನ ಬುಡದ ಗುಳಿ, ಹೆಗಲಿನ ಮೂಳೆ, ದವಡೆಯ ಅಂಚು ಎಲ್ಲವೂ ಹೀಗೆಯೇ. ದಿಂಬಿಗಿರುವ ಮಾಂಸ ಮನುಷ್ಯನಿಗಿಲ್ಲ. ಇದನ್ನು ಹೇಳಲು ಅವನು ಮುಖದ ಮೇಲೆ ಸಂಕಟದ ಒಂದು ಸುಕ್ಕನ್ನೂ ಹೆಚ್ಚಿಗೆ ಹಾಕಿಲ್ಲ, ಕಣ್ಣೀರು ತಂದಿಲ್ಲ, ಕೈ ಮೇಲೆತ್ತಿಸಿಲ್ಲ. ಎರಡು ಬಗೆಯ ಗೆರೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟಿದ್ದಾನೆ, ಅಷ್ಟೆ. ಈ ಚಿತ್ರದ ಕಸುಬುಗಾರಿಕೆಯ ಗುಟ್ಟು ಇಲ್ಲಿದೆ ಎಂಬುದು ನನ್ನ ಎಣಿಕೆ.

ಪಕ್ಕನೋಟದ ವಿಷಯವೂ ಹಾಗೆಯೇ. ಮೊಗಲ್ ಆಸ್ಥಾನದಲ್ಲಿ ಮುಖವನ್ನು ಪಕ್ಕದಿಂದ ಬರೆಯುವುದು ರೂಢಿಯ ಶಿಷ್ಟಾಚಾರ. ಹುಬ್ಬು, ಮೂಗು, ತುಟಿ, ಗದ್ದ ಒಂದೇ ಗೆರೆಯಲ್ಲಿ ಇಳಿದುಬಂದರೆ ಆಳು ಯಾರೆಂದು ತಕ್ಷಣ ಗುರುತು ಹತ್ತುತ್ತದೆ. ಜೊತೆಗೆ ಬಾದಶಹನೋ ಅಮೀರನೋ ಗಂಭೀರವಾಗಿ, ಎಟುಕದಂತೆ ಕಾಣುತ್ತಾನೆ. ಇನಾಯತನ ಚಿತ್ರದಲ್ಲಿ ಅದೇ ರೂಢಿ ಇನ್ನೊಂದು ಕೆಲಸ ಮಾಡುತ್ತದೆ. ಕೆನ್ನೆಯ ಮಾಂಸ ಇಳಿದುಹೋದ ಮೇಲೆ ಪಕ್ಕನೋಟದಲ್ಲಿ ಕಾಣಿಸುವುದು ತಲೆಬುರುಡೆಯ ಅಂಚು. ಗತ್ತಿಗೆಂದು ಬೆಳೆಸಿದ ಕ್ರಮವನ್ನೇ ಚಿತ್ರಕಾರ ಸಾವಿನ ಗುರುತು ಹಿಡಿಯಲು ಬಳಸಿಕೊಂಡ. ಬೇಕೆಂದು ಮಾಡಿದನೋ, ಕೈಗೆ ಬಂದ ಅಭ್ಯಾಸವೇ ಅಲ್ಲಿಗೆ ಕರೆದೊಯ್ದಿತೋ, ಪರಿಣಾಮವಂತೂ ಒಂದೇ.

ಇಷ್ಟು ಸೂಕ್ಷ್ಮ ಗೆರೆ ಎಳೆಯಲು ಕಾಗದ, ಕುಂಚ ಎರಡೂ ಒಗ್ಗಬೇಕು. ಮೊಗಲ್ ಚಿತ್ರಕಾರರು ಕಾಗದವನ್ನು ಅಕೀಕ್ ಕಲ್ಲಿನಿಂದ ಗಾಜಿನಷ್ಟು ನುಣುಪಾಗುವವರೆಗೆ ಉಜ್ಜುತ್ತಿದ್ದರು. ಬಣ್ಣದ ಚಿತ್ರಕ್ಕಾದರೆ ಹಲವು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ದಪ್ಪ ಮಾಡಿಕೊಳ್ಳುವುದು, ಅದನ್ನು ‘ವಸ್ಲಿ’ ಎನ್ನುತ್ತಾರೆ. ಕುಂಚಕ್ಕೆ ಅಳಿಲಿನ ಬಾಲದ ಕೂದಲು. ತೀರ ಸಣ್ಣ ಕೆಲಸದ ಕುಂಚಕ್ಕೆ ಕೆಲವೇ ಎಳೆ. ಮೊದಲು ಇದ್ದಿಲಿನಲ್ಲಿ ಕರಡು, ಅದರ ಮೇಲೆ ಬಿಳಿಯ ತೆಳು ಪರದೆ, ಅದರ ಮೇಲೆ ಕುಂಚದ ಕೊನೆಯ ಗೆರೆ, ಆಮೇಲೆ ಒಂದಾದ ಮೇಲೊಂದು ಬಣ್ಣದ ತೆಳು ಪದರ. ಕಾಡಿಗೆಯ ಕಪ್ಪು, ಇಂಗಳೀಕದ ಕೆಂಪು, ಹರಿತಾಳದ ಹಳದಿ, ರಾಜಾವರ್ತ ಕಲ್ಲಿನ ನೀಲಿ, ಎಲ್ಲಕ್ಕೂ ಗೋಂದಿನ ಹದ. ನಡುನಡುವೆ ಚಿತ್ರವನ್ನು ಬೋರಲು ಹಾಕಿ ಬೆನ್ನಿನಿಂದ ಉಜ್ಜಿದರೆ ಬಣ್ಣ ಕಾಗದದೊಳಗೆ ಕೂತು ಮಿನುಗುತ್ತದೆ. ಮೈಯ ಉಬ್ಬುತಗ್ಗನ್ನು ತೋರಿಸಲು ಬಣ್ಣ ಬಳಿಯುವುದಿಲ್ಲ. ಕೂದಲೆಳೆಯ ಕುಂಚದಿಂದ ಚುಕ್ಕೆ, ಪುಟ್ಟ ಗೆರೆಗಳನ್ನು ಒತ್ತೊತ್ತಾಗಿ ಇಡುತ್ತ ಹೋಗುತ್ತಾರೆ. ಈ ಕೆಲಸಕ್ಕೆ ‘ಪರ್ದಾಜ್’ ಎಂದು ಹೆಸರು. ಇನಾಯತನ ಎದೆಯ ಗೂಡು ಮೇಲೆದ್ದು ಕಾಣುವುದು ಈ ಚುಕ್ಕೆಗಳ ಬಲದಿಂದ. ರೋಗಿಯ ಮುಂದೆ ಕೂತು ಇಷ್ಟೆಲ್ಲ ಮಾಡಲು ಬಿಡುವಿರಲಿಲ್ಲ, ಮರುದಿನ ಅವನೇ ಇರಲಿಲ್ಲ. ಕಣ್ಣಾರೆ ಕಂಡು ಹಿಡಿದ ನೋಟಕ್ಕೆ ಹತ್ತಿರವಾದದ್ದು ರೇಖಾಚಿತ್ರವೆಂದೂ, ಅದರ ಆಧಾರದ ಮೇಲೆ ಬಣ್ಣದ್ದನ್ನು ನಿಧಾನಕ್ಕೆ ಸಿದ್ಧಪಡಿಸಿದರೆಂದೂ ಸಾಮಾನ್ಯವಾಗಿ ತಿಳಿಯಲಾಗಿದೆ.

ಈ ಚಿತ್ರಕಾರರು ಕೆಲಸ ಮಾಡುತ್ತಿದ್ದ ಆಸ್ಥಾನದ ಚಿತ್ರಶಾಲೆ ಜಹಾಂಗೀರನಿಗೆ ತಂದೆ ಅಕ್ಬರನಿಂದ ಬಂದ ಆಸ್ತಿ. ಅಕ್ಬರ ತಾನೂ ಕೂತು, ತನ್ನ ಅಮೀರರನ್ನೂ ಕೂರಿಸಿ ಭಾವಚಿತ್ರ ಬರೆಸಿ ದೊಡ್ಡದೊಂದು ಸಂಪುಟ ಮಾಡಿಸಿದ. ಸತ್ತವರಿಗೆ ಅದರಿಂದ ಹೊಸ ಜೀವ ಬಂತೆಂಬ ಅರ್ಥದಲ್ಲಿ ಅವನ ಆಸ್ಥಾನದ ಚರಿತ್ರಕಾರ ಅಬುಲ್ ಫಜಲ್ ಹೊಗಳಿದ್ದಾನೆ. ಆದರೆ ಅಕ್ಬರನ ಕಾಲದಲ್ಲಿ ಒಂದೇ ಚಿತ್ರಕ್ಕೆ ಹಲವು ಕೈ: ಒಬ್ಬ ರಚನೆ ಹಾಕುವವನು, ಇನ್ನೊಬ್ಬ ಬಣ್ಣ ತುಂಬುವವನು, ಮತ್ತೊಬ್ಬ ಮುಖ ಬರೆಯುವುದರಲ್ಲೇ ಪಳಗಿದವನು. ಜಹಾಂಗೀರನಿಗೆ ಬೇಕಿದ್ದದ್ದು ಕಡಿಮೆ ಚಿತ್ರಗಳು, ಒಂದೊಂದೂ ಒಬ್ಬನೇ ಕೈಯಾರೆ ಮಾಡಿದ್ದು. ಯಾವ ಚಿತ್ರ ತಂದಿಟ್ಟರೂ ಬರೆದವನು ಯಾರೆಂದು ನೋಡಿದ ಕೂಡಲೇ ಹೇಳಬಲ್ಲೆ, ಒಂದೇ ಮುಖದಲ್ಲಿ ಕಣ್ಣು ಒಬ್ಬನದು, ಹುಬ್ಬು ಇನ್ನೊಬ್ಬನದಾದರೂ ಗುರುತಿಸುತ್ತೇನೆ ಎಂಬುದು ಅವನ ಹೆಮ್ಮೆ. ಅದನ್ನು ಬರೆದದ್ದು ಇದೇ 1618ರಲ್ಲಿ, ಅಬುಲ್ ಹಸನ್ ಎಂಬ ಚಿತ್ರಕಾರನಿಗೆ ‘ನಾದಿರ್ ಉಜ್ ಜಮಾನ್’ ಎಂಬ ಬಿರುದು ಕೊಟ್ಟ ಸಂದರ್ಭದಲ್ಲಿ. ಜಂಬದ ಮಾತಿರಬಹುದು, ಪೊಳ್ಳಂತೂ ಅಲ್ಲ. ಎರಡು ವರ್ಷ ಹಿಂದೆ, 1616ರಲ್ಲಿ, ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ತನ್ನ ಬಳಿಯಿದ್ದ ಕಿರುಚಿತ್ರವೊಂದನ್ನು ತೋರಿಸಿದಾಗ ಜಹಾಂಗೀರ ಅದರ ನಕಲುಗಳನ್ನು ಮಾಡಿಸಿ, ಮೂಲವನ್ನೂ ನಕಲುಗಳನ್ನೂ ಬೆರೆಸಿ ದೀಪದ ಬೆಳಕಲ್ಲಿ ಮುಂದಿಟ್ಟು, ನಿನ್ನದು ಯಾವುದು ಹೇಳು ಎಂದ. ರೋ ಕಷ್ಟಪಟ್ಟು ಕಂಡುಹಿಡಿದ. ಬಾದಶಹನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಜಹಾಂಗೀರನ ಇನ್ನೊಂದು ಗುಣವೂ ಇಲ್ಲಿ ಕೆಲಸ ಮಾಡಿದೆ. ಅವನು ವಿಚಿತ್ರಗಳ ಹಿಂದೆ ಬಿದ್ದವನು. 1612ರಲ್ಲಿ ಗೋವಾದಿಂದ ಬಂದ ಟರ್ಕಿ ಕೋಳಿಯನ್ನು ಬರೆಸಿದ. 1621ರಲ್ಲಿ ಬಂದ ಜೀಬ್ರಾದ ಪಟ್ಟೆಗಳನ್ನು ಯಾರಾದರೂ ಬಣ್ಣ ಬಳಿದು ಮಾಡಿರಬೇಕೆಂದು ಶಂಕಿಸಿ ಪರೀಕ್ಷಿಸಿ, ನಿಜವೆಂದು ಖಾತ್ರಿಯಾದ ಮೇಲೆ ಅದನ್ನೂ ಬರೆಸಿದ. ಸಾರಸ ಹಕ್ಕಿಗಳ ಜೋಡಿ ಮೊಟ್ಟೆಗೆ ಕಾವು ಕೊಡುವುದನ್ನು ದಿನದಿನ ಗಮನಿಸಿ ಬರೆದಿಟ್ಟ. 1618ರಲ್ಲೇ ಧೂಮಕೇತು ಕಂಡಾಗ ಅದರ ಬಾಲದ ವಿವರವೂ ದಿನಚರಿಗೆ ಸೇರಿತು. ಇನಾಯತ್ ಖಾನನ ಮೈ ಕೂಡ ಅವನಿಗೆ ಈ ಸಾಲಿನಲ್ಲೇ ಬಂದ ಒಂದು ವಿಚಿತ್ರ. ಇದನ್ನು ಓದುವಾಗ ಇಂದಿನವರಿಗೆ ಮುಳ್ಳು ಚುಚ್ಚಿದಂತಾಗುವುದು ಸಹಜ. ಉಸಿರಾಡಲೂ ಆಗದವನನ್ನು ಅಲುಗದೆ ಕೂರಿಸಿ ಬರೆಸುವುದೇ? ಅವನ ಒಪ್ಪಿಗೆ ಕೇಳಿದವರು ಯಾರು? ಯಾರೂ ಕೇಳಿರಲಾರರು. ಬಾದಶಹನ ಅಪ್ಪಣೆಗೆ ಇಲ್ಲವೆನ್ನುವ ಸ್ಥಾನ ಆಸ್ಥಾನದಲ್ಲಿ ಯಾರಿಗೂ ಇರಲಿಲ್ಲ, ಸಾಯುವವನಿಗಂತೂ ಇರಲಿಲ್ಲ.

ಆದರೆ ಬಾದಶಹನ ನೋಟವನ್ನು ಬರೀ ಕುತೂಹಲವೆಂದು ಕೈಬಿಡಲಾಗದು. ಏಕೆಂದರೆ ಅಫೀಮು, ಮದ್ಯ ಎರಡೂ ಅವನ ಮನೆಯ ಕಥೆ. ಹದಿನೆಂಟರ ಸುಮಾರಿಗೆ ಮೊದಲ ಬಟ್ಟಲು ಕುಡಿದವನು, ಕೆಲವೇ ವರ್ಷಗಳಲ್ಲಿ ದ್ರಾಕ್ಷಾರಸ ಏನೂ ಅನ್ನಿಸದೆ ಕಳ್ಳಭಟ್ಟಿಗೆ ಸಮನಾದ ಅರಕ್‌ಗೆ ಇಳಿದ. ಎರಡು ಬಾರಿ ಬಟ್ಟಿಯಿಳಿಸಿದ ಅರಕ್, ದಿನಕ್ಕೆ ಇಪ್ಪತ್ತು ಬಟ್ಟಲು. ಹದಿನಾಲ್ಕು ಹಗಲಿಗೆ, ಆರು ರಾತ್ರಿಗೆ. ಊಟವೆಂದರೆ ಒಂದಷ್ಟು ಕೋಳಿ ಮಾಂಸ, ರೊಟ್ಟಿ, ಮೂಲಂಗಿ. ಕೈ ಎಷ್ಟು ನಡುಗುತ್ತಿತ್ತೆಂದರೆ ಬಟ್ಟಲನ್ನು ಬೇರೆಯವರು ಹಿಡಿದು ಕುಡಿಸಬೇಕಿತ್ತು. ಇದನ್ನೆಲ್ಲ ಹೇಳಿದವನು ಯಾವ ಶತ್ರುವೂ ಅಲ್ಲ, ಜಹಾಂಗೀರನೇ. ಇನ್ನು ಆರು ತಿಂಗಳು ಹೀಗೇ ನಡೆದರೆ ಮದ್ದಿರುವುದಿಲ್ಲ ಎಂದು ಹಕೀಮ್ ಹುಮಾಮ್ ಮುಖಕ್ಕೆ ಹೇಳಿದ ಮೇಲೆ ವರ್ಷಗಟ್ಟಲೆ ಹಿಡಿದು ಆರು ಬಟ್ಟಲಿಗೆ ಇಳಿಸಿದ. ಅಫೀಮು ಬಿಡಲಿಲ್ಲ.

ಅವನ ಇಬ್ಬರು ತಮ್ಮಂದಿರು ಅಷ್ಟೂ ಮಾಡಲಾಗದೆ ಹೋದರು. ಮುರಾದ್ 1599ರಲ್ಲಿ ದಖ್ಖನಿನ ದಂಡಿನಲ್ಲಿದ್ದಾಗ ಕುಡಿತಕ್ಕೇ ಬಲಿಯಾದ. ಕಿರಿಯವನು ದಾನಿಯಾಲ್. ಇವನ ಹೆಸರು ನಮ್ಮ ಬಿಜಾಪುರದ ಚರಿತ್ರೆಯಲ್ಲೂ ಬರುತ್ತದೆ. ಅಲ್ಲಿನ ಸುಲ್ತಾನ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು 1604ರಲ್ಲಿ ಇವನಿಗೇ ಮದುವೆ ಮಾಡಿ ಕೊಟ್ಟದ್ದು. ಮದುಮಗಳ ದಿಬ್ಬಣದ ಜೊತೆ ಹೋದವರಲ್ಲಿ ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರಕಾರ ಫಿರಿಶ್ತಾ ಕೂಡ ಒಬ್ಬ. ಮದುವೆಯ ಮರುವರ್ಷವೇ ದಾನಿಯಾಲ್ ಬುರ್ಹಾನ್‌ಪುರದಲ್ಲಿ ಸತ್ತ. ಮದ್ಯ ಸಿಗದಂತೆ ಅಕ್ಬರ ಕಾವಲು ಹಾಕಿಸಿದ್ದ. ಆಳುಗಳು ಕೋವಿಯ ನಳಿಗೆಯಲ್ಲಿ ಅರಕ್ ತುಂಬಿ ಕದ್ದು ತಂದುಕೊಟ್ಟರು, ತುಕ್ಕು ಮತ್ತು ಮದ್ದಿನ ಪುಡಿ ಅದರಲ್ಲಿ ಕರಗಿತ್ತು ಎಂದು ಜಹಾಂಗೀರ ಬರೆಯುತ್ತಾನೆ. ಪ್ರೀತಿಯ ಬೇಟೆಕೋವಿ ಅದು. ದಾನಿಯಾಲ್ ಅದಕ್ಕೆ ಹೆಣದ ಚಟ್ಟದ ಹೆಸರಿಟ್ಟಿದ್ದನಂತೆ.

ಈಗ 1618ಕ್ಕೆ ಬನ್ನಿ. ಬಾದಶಹನಿಗೆ ನಲವತ್ತೊಂಬತ್ತು. ಎದುರಿಗೆ ಅದೇ ಅಫೀಮು, ಅದೇ ಮದ್ಯ ತಿಂದುಹಾಕಿದ ಮೈ. ಅದನ್ನು ಕಂಡು ಕಣ್ಣು ತಿರುಗಿಸಲಿಲ್ಲ, ಕರಗಿ ನೀರಾಗಲೂ ಇಲ್ಲ, ಬರೆದಿಡಿ ಎಂದ. ತನ್ನ ಗತಿಯನ್ನೇ ಅಲ್ಲಿ ಕಂಡನೆಂದು ಹೇಳಲು ದಿನಚರಿಯಲ್ಲಿ ಆಧಾರವಿಲ್ಲ. ಆದರೆ ಇಪ್ಪತ್ತು ಬಟ್ಟಲಿನ ಪುಟವನ್ನೂ ಇನಾಯತನ ಪುಟವನ್ನೂ ಬರೆದ ಕೈ ಒಂದೇ, ಎರಡರಲ್ಲೂ ಮುಚ್ಚುಮರೆಯಿಲ್ಲದ ದನಿಯೂ ಒಂದೇ. ತನ್ನ ಬಗ್ಗೆಯೂ ಅವನಿಗೆ ದಾಕ್ಷಿಣ್ಯವಿರಲಿಲ್ಲ ಎಂಬುದನ್ನು ಮರೆತು ಅವನನ್ನು ಕಲ್ಲೆದೆಯವನೆಂದು ಬೈಯುವುದು ನ್ಯಾಯವಲ್ಲ.

ಬಡಕಲು ಮೈಯನ್ನು ಬರೆಯಲು ಚಿತ್ರಕಾರರು ಹೆಣಗಿದ್ದಾರೆ ಎಂಬ ಅವನ ಮಾತಿಗೆ ಹಿನ್ನೆಲೆಯಿದೆ. ಪಾರಸಿ ಚಿತ್ರಗಳಲ್ಲಿ ಲೈಲಾಳ ವಿರಹದಲ್ಲಿ ಸೊರಗಿದ ಮಜ್ನೂನ, ಎಲುಬು ಕಾಣುವ ಬಡಕುದುರೆ ಇವೆಲ್ಲ ಹಳೆಯ ವಸ್ತುಗಳು. 1625ರ ಆಸುಪಾಸಿನಲ್ಲಿ ಬಿಜಾಪುರದಲ್ಲಿ ಬರೆದದ್ದೆಂದು ಗುರುತಿಸಿದ ಬಡಕುದುರೆ ಮತ್ತು ಸವಾರನ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಶಿಲ್ಪದಲ್ಲಿ ನಮಗೆ ಇನ್ನೂ ಹಳೆಯ ಉದಾಹರಣೆಗಳಿವೆ. ಬಾದಾಮಿಯ ಒಂದನೆಯ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಎಲುಬಿನ ಹಂದರವಾಗಿ ನಿಂತ ಭೃಂಗಿ ಇದ್ದಾನೆ. ಲಾಹೋರಿನ ಮ್ಯೂಸಿಯಂನಲ್ಲಿ ಗಾಂಧಾರದ ಉಪವಾಸಿ ಬುದ್ಧನಿದ್ದಾನೆ. ಆದರೆ ಇವರೆಲ್ಲರ ಕೃಶತೆಗೆ ಒಂದು ಅರ್ಥವುಂಟು. ಭೃಂಗಿಯದು ಶಾಪ ಮತ್ತು ಭಕ್ತಿ, ಬುದ್ಧನದು ತಪಸ್ಸು, ಮಜ್ನೂನನದು ಪ್ರೇಮ, ಕುದುರೆಯದು ಪಳಗಿಸಿದ ದೇಹವಾಸನೆ ಎಂದು ಸೂಫಿಗಳು ವಿವರಿಸುತ್ತಾರೆ. ಇನಾಯತ್ ಖಾನನ ಕೃಶತೆಗೆ ಅಂಥ ಯಾವ ಗೌರವದ ಅರ್ಥವೂ ಇಲ್ಲ. ಅವನು ಸಂತನಲ್ಲ, ಪ್ರೇಮಿಯಲ್ಲ. ಅಫೀಮು ತಿಂದು ಹೊಟ್ಟೆ ಕೆಟ್ಟವನು. ಅರ್ಥದ ಆಸರೆಯಿಲ್ಲದೆ ಒಂದು ಮೈಯನ್ನು ಇದ್ದಹಾಗೆ ಬರೆಯುವುದು ಅಂದಿನ ಮಟ್ಟಿಗೆ ಎಲ್ಲಿಯೂ ವಿರಳ. ಇದನ್ನು ಅಷ್ಟು ಸಲೀಸಾಗಿ ಮಾಡಿದ ಇನ್ನೊಬ್ಬ ಚಿತ್ರಕಾರನ ಹೆಸರು ನನಗೆ ಹೊಳೆಯುವುದಿಲ್ಲ.

ಬರೆದವನು ಯಾರು? ಬಹುಪಾಲು ವಿದ್ವಾಂಸರು ಹೇಳುವ ಹೆಸರು ಬಾಲಚಂದ್. ಅಕ್ಬರನ ಕೊನೆಯ ವರ್ಷಗಳಲ್ಲಿ ಚಿತ್ರಶಾಲೆ ಸೇರಿ, ಜಹಾಂಗೀರನ ಕಾಲದಲ್ಲಿ ಮಾಗಿ, ಶಾಹಜಹಾನನ ಕಾಲದಲ್ಲೂ ಮುಂಚೂಣಿಯಲ್ಲಿದ್ದವನು. ತಮ್ಮ ಪಯಾಗನೂ ಅದೇ ಶಾಲೆಯ ಚಿತ್ರಕಾರ. ಬಾಲಚಂದನ ಕೈ ಮೆದುವಿನದು. ಶಾಹಜಹಾನನ ಮೂವರು ಕಿರಿಯ ರಾಜಕುಮಾರರು ಕುದುರೆ ಏರಿ ಹೋಗುವ ಅವನ ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಬಣ್ಣ ಕಾಗದದ ಮೇಲೆ ಉಸಿರಿನಷ್ಟು ಹಗುರವಾಗಿ ಕೂತಿದೆ. ವಿಂಡ್ಸರಿನ ಅರಮನೆಯ ಗ್ರಂಥಾಲಯದಲ್ಲಿರುವ, ಶಾಹಜಹಾನನ ಆಳ್ವಿಕೆಯ ಚರಿತ್ರೆಯಾದ ‘ಪಾದಶಾಹ್‌ನಾಮಾ’ದ ದರ್ಬಾರಿನ ಚಿತ್ರವೊಂದರ ಗುಂಪಿನಲ್ಲಿ ಅವನು ತನ್ನ ಮುಖವನ್ನೂ ಸೇರಿಸಿದ್ದಾನೆ, ಕಂಕುಳಲ್ಲಿ ಚಿತ್ರಗಳ ಕಟ್ಟು ಇಟ್ಟುಕೊಂಡ ವಿನಯದ ಮನುಷ್ಯನಾಗಿ. ಆದರೆ ಇನಾಯತನ ಎರಡೂ ಚಿತ್ರ ಒಬ್ಬನವೇ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿಲ್ಲ. ರೇಖಾಚಿತ್ರದಲ್ಲಿ ಬೇರೊಂದು ಕೈಯನ್ನು ಕಂಡವರೂ ಇದ್ದಾರೆ. ನೋಡಿದ ಕೂಡಲೇ ಹೇಳುತ್ತೇನೆಂದ ಬಾದಶಹ ಇಲ್ಲಿ ಮಾತ್ರ ಚಿತ್ರಕಾರರು ಎಂದಷ್ಟೇ ಬರೆದು, ಹೆಸರು ಹೇಳದೆ ಮುಂದೆ ಹೋಗಿಬಿಟ್ಟ. ಹೇಳಿದ್ದರೆ ಇಂದಿನ ಜಗಳ ಒಂದು ಪದದಲ್ಲಿ ಮುಗಿಯುತ್ತಿತ್ತು.

ಬಾಸ್ಟನ್ನಿನ ರೇಖಾಚಿತ್ರ ಆ ಮ್ಯೂಸಿಯಂಗೆ ಬಂದದ್ದು 1914ರಲ್ಲಿ. ಮೂರು ವರ್ಷಗಳ ನಂತರ ಅಲ್ಲಿ ಕೆಲಸಕ್ಕೆ ಸೇರಿದ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಅವರು ಅಲ್ಲಿನ ಮೊಗಲ್ ಚಿತ್ರಗಳ ವಿವರಪಟ್ಟಿಯನ್ನು 1930ರಲ್ಲಿ ಪ್ರಕಟಿಸಿದರು. ಮೊಗಲ್ ಚಿತ್ರಕಲೆಯದು ಲೌಕಿಕ ಕಣ್ಣು, ಎದುರಿಗಿರುವ ವ್ಯಕ್ತಿಯಲ್ಲಿ ಆಸಕ್ತಿ; ರಜಪೂತ ಚಿತ್ರಕಲೆಯದು ಭಕ್ತಿ ಮತ್ತು ಆದರ್ಶರೂಪ ಎಂದು ಅವರು ಎರಡನ್ನೂ ಬೇರ್ಪಡಿಸಿದ್ದರು. ಆ ಗೆರೆ ಅಷ್ಟು ನೇರವಾಗಿ ಇರಲಿಲ್ಲ ಎಂದು ಆಮೇಲಿನವರು ತೋರಿಸಿದ್ದಾರೆ. ಆದರೂ ಅವರ ಮಾತಿನ ಮೊದಲರ್ಧಕ್ಕೆ ಸಾಕ್ಷಿ ಬೇಕೆಂದರೆ ಇನಾಯತ್ ಖಾನನೊಬ್ಬ ಸಾಕು.

ಎರಡು ಚಿತ್ರಗಳಲ್ಲಿ ಯಾವುದು ಮೇಲು? ಪುಸ್ತಕಗಳಲ್ಲಿ ಹೆಚ್ಚಾಗಿ ಅಚ್ಚಾಗುವುದು ಬಣ್ಣದ್ದು. ಅದರ ಸೊಗಸು ಅಲ್ಲಗಳೆಯುವಂಥದಲ್ಲ. ದಿಂಬುಗಳಿಗೆ ಬಟ್ಟೆಯ ವಿನ್ಯಾಸ ಬಂದಿದೆ, ನೆಲಕ್ಕೆ ಜಮಖಾನ, ಹಿಂದಿನ ಗೋಡೆಯ ಗೂಡುಗಳಲ್ಲಿ ಶೀಶೆಗಳು. ಮನುಷ್ಯನಿಗೆ ಒಂದು ಮನೆ ಸಿಕ್ಕಿದೆ, ಅಂತಸ್ತು ಸಿಕ್ಕಿದೆ. ಸಂಕಟ ಇರುವುದು ಅಲ್ಲಿಯೇ. ಕಣ್ಣು ಜಮಖಾನದ ಅಂಚಿಗೆ ಹೋಗುತ್ತದೆ, ಶೀಶೆಗಳನ್ನು ಎಣಿಸುತ್ತದೆ, ದಿಂಬಿನ ಹೂಬಳ್ಳಿಯಲ್ಲಿ ತಂಗುತ್ತದೆ. ಸಾವು ಅಲಂಕಾರದ ಚೌಕಟ್ಟಿನೊಳಗೆ ಕೂತು ತುಸು ಸಹ್ಯವಾಗುತ್ತದೆ. ಆಸ್ಥಾನದ ಸಂಪುಟದಲ್ಲಿ ಸೇರಿಸಲು ಅದೇ ತಕ್ಕದ್ದು. ರೇಖಾಚಿತ್ರದಲ್ಲಿ ಅಂಥ ಬಿಡುವಿಲ್ಲ. ಹಿನ್ನೆಲೆ ಬೋಳು ಕಾಗದ. ತಪ್ಪಿಸಿಕೊಳ್ಳಲು ನೋಡಿದ ಕಣ್ಣು ಸುತ್ತಿ ಸುತ್ತಿ ಅದೇ ಎದೆಗೆ, ಅದೇ ದವಡೆಗೆ ಬಂದು ನಿಲ್ಲುತ್ತದೆ. ಗೆರೆಗಳು ಕೆಲವೆಡೆ ತಡವರಿಸಿವೆ. ಬಣ್ಣದ ಚಿತ್ರದಲ್ಲಿ ಆ ತಡವರಿಕೆಯೆಲ್ಲ ನಯವಾಗಿದೆ. ನನಗೆ ತಡವರಿಕೆಯೇ ಬೇಕು. ನೋಡಲು ಕಷ್ಟವಾದದ್ದನ್ನು ಬಿಡದೆ ನೋಡುತ್ತಿರುವ ಒಬ್ಬ ಮನುಷ್ಯನ ಕೈ ಅಲ್ಲಿ ಕಾಣುತ್ತದೆ.

ಕರುಣೆಯ ಪ್ರಶ್ನೆಗೂ ಇಲ್ಲೇ ಉತ್ತರ ಹುಡುಕಬೇಕು. ಕರುಣೆ ಇದೆಯೆಂದು ಕೆಲವರು ಹೇಳುತ್ತಾರೆ, ವೈದ್ಯನ ತಣ್ಣಗಿನ ಕಣ್ಣಷ್ಟೇ ಎಂದು ಕೆಲವರು. ಚಿತ್ರಕಾರನ ಎದೆಯಲ್ಲಿ ಏನಿತ್ತೆಂದು ಹೇಳುವುದು ಊಹೆಯ ಮಾತು. ಕಾಣುವುದನ್ನು ಹೇಳಬಹುದು: ಅವನು ಇನಾಯತನ ಮುಖವನ್ನು ಬರಿಯ ಬುರುಡೆಯಾಗಲು ಬಿಟ್ಟಿಲ್ಲ. ಹಣೆ, ಮೂಗಿನ ತುದಿ, ತುಟಿಯ ಕೊನೆ ಇವುಗಳಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿ ಉಳಿದಿದ್ದಾನೆ. ಬಲ್ಲವರು ನೋಡಿದರೆ ಇವನು ಇನಾಯತನೇ ಎನ್ನುವಷ್ಟು. ಅಪ್ಪಣೆಯಿದ್ದದ್ದು ವಿಚಿತ್ರ ಸ್ಥಿತಿಯನ್ನು ಬರೆಯಲು. ಅವನು ಸ್ಥಿತಿಯ ಜೊತೆ ಮನುಷ್ಯನನ್ನೂ ಬರೆದ. ಟರ್ಕಿ ಕೋಳಿಗೂ ಜೀಬ್ರಾಕ್ಕೂ ಇದಕ್ಕೂ ಇರುವ ಅಂತರ ಅಷ್ಟೇ, ಆದರೆ ಸಣ್ಣದಲ್ಲ.

ಜಹಾಂಗೀರ ಇದಾದ ಮೇಲೆ ಒಂಬತ್ತು ವರ್ಷ ಬದುಕಿದ. ಆರೋಗ್ಯ ಕೈಕೊಡುತ್ತ ಬಂತು, ಉಬ್ಬಸ ಕಾಡಿತು, ಆಡಳಿತ ಬಹುಮಟ್ಟಿಗೆ ರಾಣಿ ನೂರ್ ಜಹಾನಳ ಕೈಗೆ ಹೋಯಿತು. 1627ರಲ್ಲಿ ಕಾಶ್ಮೀರದಿಂದ ಲಾಹೋರಿಗೆ ಮರಳುವ ದಾರಿಯಲ್ಲಿ ಸತ್ತ. ಅವನ ಭಾವಚಿತ್ರಗಳು ಎಷ್ಟೋ ಇವೆ: ಮರಳುಗಡಿಯಾರದ ಮೇಲೆ ಕೂತ ಜಹಾಂಗೀರ, ಭೂಗೋಳದ ಮೇಲೆ ನಿಂತ ಜಹಾಂಗೀರ, ಹಿಂದೆ ಸೂರ್ಯಚಂದ್ರರ ಪ್ರಭೆ. ಕೈಚಳಕದಲ್ಲಿ ಅವು ಯಾವುದಕ್ಕೂ ಕಡಿಮೆಯಿಲ್ಲ. ಆದರೂ ಹದಿನೇಳನೆಯ ಶತಮಾನದ ಮೊಗಲ್ ಭಾವಚಿತ್ರಗಳಲ್ಲಿ ಒಂದನ್ನು ಆರಿಸು ಎಂದರೆ ನಾನು ಪ್ರಭೆಯ ಬಾದಶಹರನ್ನೆಲ್ಲ ಪಕ್ಕಕ್ಕೆ ಸರಿಸಿ ಬಾಸ್ಟನ್ನಿನ ಆ ಅಂಚೆ ಕಾರ್ಡಿನಗಲದ ಕಾಗದವನ್ನು ಆರಿಸುತ್ತೇನೆ.

ಎರಡೂ ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನೋಡುವುದಾದರೆ ಮೊದಲು ರೇಖಾಚಿತ್ರ ನೋಡಿ, ಬಣ್ಣದ್ದು ಆಮೇಲೆ. ಬಣ್ಣದ್ದನ್ನು ಮೊದಲು ನೋಡಿದವರಿಗೆ ರೇಖಾಚಿತ್ರ ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣುತ್ತದೆ.